ಕಂಬಳಿಯೊಳಗಿನ ಕಿಡಿ

ಭಾನುವಾರ, ಜನವರಿ ೧೨. ಗುತ್ತಲು.

ಉಗುರಿನ ಸಂದಿಯ ಗ್ರೀಸು ಎಷ್ಟು ಉಜ್ಜಿದರೂ ಹೋಗಿಲ್ಲ. ಇರಲಿ.

ಸ್ಟಾರ್ಟ್ ಆಗದ ಕಾರನ್ನು ಗುಜರಿಗೆ ಹಾಕೋಣ ಎಂದು ಮೊನ್ನೆ ಅಂದುಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಅದು ತೀರಿಕೊಂಡ ಮಾವನ ಕಾರು. ಮಳವಳ್ಳಿಯಲ್ಲಿ ಅದನ್ನು ಬಾಡಿಗೆಗೆ ಓಡಿಸಿಯೇ ಮಗಳನ್ನು ಓದಿಸಿದವರು. ನಾನು ಹಾಗೆ ಅಂದಾಗಿನಿಂದ ಹೆಂಡತಿ ನಾಗಮಣಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಊಟದ ತಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಬೆಳಿಗ್ಗೆ ನಾನೇ ಬಾನೆಟ್ ಎತ್ತಿದೆ. ಇಂಜಿನ್ ತಿರುಗುತ್ತದೆ, ಪೆಟ್ರೋಲ್ ಬರುತ್ತದೆ, ಆದರೆ ಹತ್ತುವುದಿಲ್ಲ. ಕರೆಂಟಿನದೇ ತೊಂದರೆ ಇರಬೇಕು. ಕಾಯಿಲ್ ವೈರಿನ ತುದಿಯನ್ನು ಇಂಜಿನ್ನಿನ ಹತ್ತಿರ ಹಿಡಿದು ಕಿಡಿ ನೋಡಬೇಕು. ಬಿಸಿಲಲ್ಲಿ ಅದು ಕಾಣುವುದಿಲ್ಲವೆಂದು ಕಂಬಳಿ ಹೊದ್ದು ಬಗ್ಗಿದೆ. ಕೀ ತಿರುಗಿಸಲು ಇನ್ನೊಬ್ಬರು ಬೇಕಲ್ಲ. ನಾಗಮಣಿ ಕರೆಯದೆಯೇ ಬಂದು ಸ್ಟೀರಿಂಗ್ ಮುಂದೆ ಕೂತಳು.

ಕಿಡಿಯೇ ಇಲ್ಲ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ, ಒಳಗೆ ಕರೆಂಟು ಕೂಡಿಸಿ ಬಿಡಿಸುವ ಪಾಯಿಂಟು ಸುಟ್ಟು ಕರಕಲಾಗಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ, ಮತ್ತೆ ಕಂಬಳಿಯೊಳಗೆ ಹೊಕ್ಕೆ.

"ಬಂತಾ?" ಎಂದಳು. ಮೊನ್ನೆಯಿಂದ ಅದೇ ಮೊದಲ ಮಾತು. ಕತ್ತಲಲ್ಲಿ ನೀಲಿ ಕಿಡಿ ಚಟಚಟನೆ ಹಾರುತ್ತಿತ್ತು.

"ಇಲ್ಲ ಕಣೆ, ಇನ್ನೊಂದ್ ಸಲ ತಿರುಗ್ಸು" ಎಂದೆ.

ಮತ್ತೆ "ಬಂತಾ?" ಮತ್ತೆ "ಇಲ್ಲ." ಹೀಗೇ ಐದಾರು ಸಲ ಆದಮೇಲೆ "ಬಂತು" ಎಂದೆ.

ಸಂಜೆ ಅದೇ ಕಾರಿನಲ್ಲಿ ಮದ್ದೂರಿಗೆ ಹೋಗಿಬಂದೆವು. ಗೆಜ್ಜಲಗೆರೆ ದಾಟುವಾಗ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ಕಿಡಿ ಆಗ್ಲೇ ಬಂದಿತ್ತು ಬುಡಿ. ಆ ಚಟಚಟ ಕೇಳ್ಕಂಡೇ ಬೆಳ್ದೋಳು ನಾನು."

ಸಿಕ್ಕಿಬಿದ್ದೆನಲ್ಲ ಎಂದುಕೊಂಡು ಖಾಲಿ ರಸ್ತೆಯಲ್ಲಿ ಹಾರನ್ ಒತ್ತಿದೆ. ಈಗ ದೀಪ ಆರಿಸಲು ಹೋದಾಗ ಹೊಳೆಯಿತು. ಬಂದಿದೆಯೆಂದು ಗೊತ್ತಿದ್ದೂ ಅವಳು ಅಷ್ಟು ಸಲ "ಬಂತಾ?" ಎಂದು ಕೇಳಿದ್ದು... ನಾನು ಸುಳ್ಳು ಹೇಳಿದ್ದು ಯಾತಕ್ಕೋ, ಅದಕ್ಕೇ.