ಮದ್ರಾಸಿಗೂ ಸಿಲೋನಿಗೂ ನಡುವಿನ ಊರು

ಹದಿನೇಳನೆಯ ಮೇಲೂರು
ಕ್ರಿ.ಶ. 2287, ಎರಡನೆಯ ಆಷಾಢ, ಮೂವತ್ತನಾಲ್ಕನೆಯ ದಿನ

ಹಳೆಯ ವಾಲ್ವ್ ರೇಡಿಯೊಗಳನ್ನು ಕೊಂಡು ರಿಪೇರಿ ಮಾಡುವ, ಹೆಸರು ಗೊತ್ತಿಲ್ಲದ ಹಿರಿಯರಿಗೆ ಅಡಿವೆಪ್ಪ ಬಡಿಗೇರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆ ಎಂದು ಪತ್ರವನ್ನು ಬಿಸಾಡಬೇಡಿ. ಮಳೆ ಮುಗಿಯುವವರೆಗೆ ಆಷಾಢವನ್ನು ಎಳೆಯುವುದು ನಮ್ಮ ಕಾಲದ ಪದ್ಧತಿ. ನಿಮ್ಮ ಕಾಲದ ಕನ್ನಡವನ್ನು ನಾನು ರಿಪೇರಿ ಪುಸ್ತಕಗಳಿಂದ ಕಲಿತವನು. ಮಾತು ಅಲ್ಲಲ್ಲಿ ಸ್ಕ್ರೂ ಬಿಗಿದ ಹಾಗೆ ಬಿರುಸಾಗಿದ್ದರೆ ಕ್ಷಮಿಸಿ. ಹಿಂದಿನ ಕಾಲಕ್ಕೆ ಹೋಗುವ ಟಪಾಲಿಗೆ ನಾವು ಹಿನ್ನಂಚೆ ಎನ್ನುತ್ತೇವೆ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಪತ್ರ. ಹೆಚ್ಚಿನವರು ಅದನ್ನು ತಮ್ಮ ಮುತ್ತಜ್ಜನಿಗೆ ಬುದ್ಧಿ ಹೇಳಲು ಖರ್ಚು ಮಾಡುತ್ತಾರೆ, ಯಾವ ಮುತ್ತಜ್ಜನೂ ಕೇಳಿದ ದಾಖಲೆಯಿಲ್ಲ. ನಾನು ನನ್ನ ತಪ್ಪು ಹೇಳಿಕೊಳ್ಳಲು ಖರ್ಚು ಮಾಡುತ್ತಿದ್ದೇನೆ.

ನಮ್ಮ ಕಾಲದಲ್ಲಿ ರೇಡಿಯೊ ನಿಲಯಗಳಿಲ್ಲ. ಹಾಗಿದ್ದೂ ನಿಮ್ಮ ಮರದ ಪೆಟ್ಟಿಗೆಗಳಿಗೆ ಇಲ್ಲಿ ಬೇಡಿಕೆಯಿದೆ. ಮಳೆಗಾಲ ಹತ್ತಿರವಾದಾಗ ಮನೆಮಂದಿಯೆಲ್ಲ ಅದರ ಮುಂದೆ ಕೂತು, ಕಡಲಿನಾಚೆ ಎಲ್ಲೋ ಹೊಡೆಯುವ ಸಿಡಿಲಿನ ಚಟಪಟ ಕೇಳುತ್ತಾರೆ. ಇದಕ್ಕೆ ಸಿಡಿಲಾಲಿಕೆ ಎಂದು ಹೆಸರು. ನಮ್ಮ ಯಂತ್ರಗಳೆಲ್ಲ ಅತಿ ನಾಜೂಕಿನವು, ಅಂಥ ಸದ್ದನ್ನು ಗದ್ದಲವೆಂದು ಸೋಸಿಬಿಡುತ್ತವೆ. ನಿಮ್ಮ ವಾಲ್ವ್ ಸೆಟ್ಟುಗಳಿಗೆ ಆ ಬಿಂಕವಿಲ್ಲ, ಬಂದದ್ದನ್ನು ಬಂದ ಹಾಗೆ ಕೇಳಿಸುತ್ತವೆ. ಹಾಗಾಗಿ ಅಟ್ಟ, ಗೋದಾಮು ಹುಡುಕಿ ಸೆಟ್ಟು ತರುವವರಿದ್ದಾರೆ, ಅವರ ಹತ್ತಿರ ಕೊಂಡು ಸರಿಮಾಡುವ ನನ್ನಂಥವರಿದ್ದೇವೆ. ಕೊಳ್ಳುವಾಗ ನಾನು ಮೊದಲು ಹಿಂಬದಿಯ ರಟ್ಟು ತೆಗೆದು ಮೂಸಿ ನೋಡುತ್ತೇನೆ. ಇಲಿಯ ವಾಸನೆ ಇದ್ದರೆ ಪರವಾಗಿಲ್ಲ, ಸುಟ್ಟ ಟ್ರಾನ್ಸ್‌ಫಾರ್ಮರಿನ ವಾಸನೆ ಇದ್ದರೆ ಕೈಮುಗಿದು ವಾಪಸು. ಆಮೇಲೆ ಹಳೇ ಕಂಡೆನ್ಸರುಗಳನ್ನು ಕಿತ್ತು ಹೊಸವನ್ನು ಬೆಸೆಯಬೇಕು, ಮುಳ್ಳನ್ನು ಎಳೆಯುವ ಡಯಲ್ ದಾರ ಬದಲಿಸಬೇಕು, ವಾಲ್ವುಗಳು ನಿಧಾನಕ್ಕೆ ಕೆಂಪಾಗುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು. ಇದೆಲ್ಲ ನಿಮಗೂ ಗೊತ್ತಿರುವುದೇ.

ಇನ್ನೊಂದು ನಿಯಮವೂ ನಿಮಗೆ ಗೊತ್ತಿರಬೇಕು. ಡಯಲ್ ಗಾಜಿನ ಹಿಂಬದಿಗೆ ಒದ್ದೆ ಬಟ್ಟೆ ತಾಗಿಸಬಾರದು, ಅಲ್ಲಿರುವ ಬರಹ ಅಳಿಸಿಹೋಗುತ್ತದೆ. ಕಲಿಯಲು ಬಂದವರಿಗೆ ನಾನು ಮೊದಲ ದಿನವೇ ಇದನ್ನು ಹೇಳಿ, ಮೂರು ಸಲ ಅವರ ಬಾಯಿಂದ ಹೇಳಿಸುತ್ತೇನೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಹೋದ ವರ್ಷ ಹೊನ್ನಮ್ಮ ಹರಿಕಂತ್ರ ಎಂಬ ಅಜ್ಜಿಯ ಮನೆಯಿಂದ ಒಂದು ಸೆಟ್ಟು ಬಂತು. ಮೊಮ್ಮಗಳ ಮದುವೆಯೊಳಗೆ ಸರಿಯಾಗಬೇಕೆಂದು ಹೇಳಿ ಕಳಿಸಿದ್ದರು. ಸೆಟ್ಟು ಹಾಡಿತು, ಅಂದರೆ ಸಿಡುಕಿತು. ಆದರೆ ಗಾಜು ಮಂಕಾಗಿತ್ತು. ಮದುವೆಮನೆಯಲ್ಲಿ ಹತ್ತು ಜನ ನೋಡಿ ಬಡಿಗೇರನ ಕೈಗುಣ ಹೊಗಳಲಿ ಎಂಬ ಚಪಲ ನನಗೆ. ಅಚ್ಚಾದ ಅಕ್ಷರ ಗಟ್ಟಿಯಾಗಿವೆಯೆಂದು ಉಗುರಿನಿಂದ ಕೆರೆದು ಖಾತ್ರಿ ಮಾಡಿಕೊಂಡು ಸೋಪಿನ ನೀರು ಹಾಕಿದೆ. ಮದ್ರಾಸ್, ಸಿಲೋನ್ ಮುಂತಾದ ನಿಲಯಗಳ ಹೆಸರೆಲ್ಲ ಜಾಗದಲ್ಲೇ ಉಳಿದವು. ಅವೆರಡರ ನಡುವೆ ಬಿಳಿಯ ಸಣ್ಣ ಗೀಚು ಇತ್ತು. ಹಿಂದಿನಿಂದ ನೋಡುವಾಗ ಗೋಡೆಗೆ ಸುಣ್ಣ ಹೊಡೆಯುವಾಗ ಸಿಡಿದ ಹನಿಗಳಂತೆ ಕಂಡಿತು. ಒರೆಸಿದೆ. ಬಟ್ಟೆಗೆ ಒಂದಿಷ್ಟು ಬಿಳಿ ಹತ್ತಿತು, ಅಷ್ಟೆ.

ಸೆಟ್ಟು ಒಯ್ಯಲು ಬಂದ ಅಜ್ಜಿ ಬಾಗಿಲಲ್ಲೇ ಹೇಳಿದರು: "ತಮಾ, ಗಾಜಿನ ಮೇಲೆ ನಮ್ಮೂರ ಹೆಸ್ರದೆ. ಮದ್ರಾಸಿಗೂ ಸಿಲೋನಿಗೂ ನಡುವೆ. ಮದಿವೇಲಿ ಊರುಕರೆಗೆ ನೀನೇ ಓದ್ಬೇಕು."

ಊರುಕರೆ ಏನೆಂದು ನಿಮಗೆ ಹೇಳಬೇಕು. ಕರಾವಳಿಯ ಎಷ್ಟೋ ಹಳ್ಳಿಗಳು ಕಡಲಲ್ಲಿ ಮುಳುಗಿ, ಅಲ್ಲಿಯ ಜನ ಎತ್ತರದ ಮೇಲೂರುಗಳಿಗೆ ಬಂದರು. ಮೇಲೂರುಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಹದಿನೈದು ವರ್ಷದಿಂದ ಈಚೆಗೆ ಒಂದು ಪದ್ಧತಿ ಬಂದಿದೆ: ತಾಳಿ ಕಟ್ಟುವ ಮೊದಲು ಹೆಣ್ಣಿನ ಕಡೆಯವರು ತಮ್ಮ ಮುಳುಗಿದ ಊರಿನ ಹೆಸರನ್ನು ಮೂರು ಸಲ ಕೂಗಬೇಕು. ಗೊತ್ತಿಲ್ಲದವರು ತಲೆ ತಗ್ಗಿಸಿ ನಂಬರು ಹೇಳುತ್ತಾರೆ. ಹೊನ್ನಮ್ಮನವರ ಮನೆತನದ ಯಾರೋ ಹಿರಿಯರು, ತಮ್ಮೂರಿಗೆ ರೇಡಿಯೊ ನಿಲಯ ಇಲ್ಲದಿದ್ದರೇನಂತೆ ಎಂದು, ಗಾಜಿನ ಹಿಂದೆ ಬಿಳಿ ಬಣ್ಣದಿಂದ, ಮುಂದಿನಿಂದ ಸರಿಯಾಗಿ ಕಾಣುವಂತೆ ಅಕ್ಷರಗಳನ್ನು ತಿರುವುಮುರುವು ಮಾಡಿ, ಊರಿನ ಹೆಸರು ಬರೆದಿದ್ದರು. ನಿಮ್ಮ ಕಾಲದ ಲಿಪಿ ಓದುವವರು ಈಗ ಮೇಲೂರಿಗೆ ಒಬ್ಬರೋ ಇಬ್ಬರೋ. ಆ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಆ ಹೆಸರು ಇದ್ದದ್ದು ಆ ಗಾಜಿನ ಮೇಲೆ ಮಾತ್ರ.

ಅಳಿಸಿಹೋಯಿತು ಅಜ್ಜಿ, ತಪ್ಪಾಯಿತು ಎನ್ನಬೇಕಿತ್ತು. ಮೂರೇ ಮಾತು. ನನ್ನ ಬಾಯಿಂದ ಬಂದದ್ದು "ಹೌದು, ಇದೆ. ಸ್ವಲ್ಪ ಪಾಲಿಶ್ ಉಳಿದಿದೆ, ನಾಳೆ ತಲುಪಿಸುತ್ತೇನೆ" ಎಂದು. ಅವರು ಹೋದ ಮೇಲೆ ಕೂದಲೆಳೆಯಂಥ ಕುಂಚ ಹಿಡಿದು ಕೂತೆ. ಕಡಲಿನ ಜನ ಅಲ್ಲವೇ ಎಂದು ಯೋಚಿಸಿ "ಕಡಲಗೇರಿ" ಎಂದು ಬರೆದೆ. ಅಕ್ಷರ ಮುದ್ದಾಗಿ ಬಂದವು. ಅದನ್ನು ಕಂಡು ಒಂದು ಕ್ಷಣ ಸಂತೋಷವೂ ಆಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಮದುವೆಯಲ್ಲಿ ನಾನು ಓದಿದೆ, ಇಡೀ ಚಪ್ಪರ ಮೂರು ಸಲ ಕೂಗಿತು. ಮದುಮಗಳು ಅತ್ತಳು. ಅವಳ ಅಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. ಊಟದ ಹೊತ್ತಿಗೆ ಹೊನ್ನಮ್ಮ ನನ್ನ ಪಕ್ಕ ಬಂದು ಕೂತು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು: "ಅದು ನಮ್ಮೂರಲ್ಲ, ತಮಾ. ನಮ್ಮಜ್ಜಿ ಊರ ಹೆಸ್ರು ಹೇಳುವಾಗ ತುಟಿ ಕೂಡ್ತಿತ್ತು. ಹೆಸ್ರು ಮರ್ತೋಯ್ತು, ತುಟಿ ನೆನ್ಪದೆ. ನೀ ಓದಿದ್ದಕ್ಕೆ ತುಟಿ ಕೂಡುದೇ ಇಲ್ಲ."

ನಾನು ಎಲೆಯ ಮುಂದೆ ಕೂತೇ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಹುಡುಗಿ ನಗ್ತಾ ಅದೆ, ಸುಮ್ನಿರು. ಉಣ್ಣು" ಎಂದರು. ಉಂಡೆ. ಮೊನ್ನೆ ಆ ಹುಡುಗಿಗೆ ಹೆಣ್ಣು ಕೂಸು ಹುಟ್ಟಿ, ಊರಿನ ನೆನಪಿಗೆ ಕಡಲಿ ಎಂದು ಹೆಸರಿಟ್ಟು, ನನ್ನನ್ನು ಕರೆಸಿ ನನ್ನ ತೊಡೆಯ ಮೇಲೆ ಮಲಗಿಸಿದರು. ನನ್ನ ಸುಳ್ಳು ಕೈಕಾಲು ಆಡಿಸುತ್ತ ನನ್ನನ್ನೇ ನೋಡುತ್ತಿತ್ತು.

ಹೊನ್ನಮ್ಮ ಹಾಸಿಗೆ ಹಿಡಿದಿದ್ದಾರೆ. ಈ ಆಷಾಢ ದಾಟುವುದು ಅನುಮಾನ. ನಿಜವಾದ ಹೆಸರನ್ನು ಯಾರಾದರೂ ಹೇಳಿದರೆ ಅವರಿಗೆ ಗುರುತು ಸಿಕ್ಕೀತು. ಒಂದು ಸಲ, ಅವರ ಕಿವಿಗೆ ಮಾತ್ರ, ಅದನ್ನು ಹೇಳಬೇಕೆಂಬುದು ನನ್ನ ಆಸೆ.

ಈಗ ನನ್ನ ಬಿನ್ನಹ. ಆ ಸೆಟ್ಟು ನಿಮ್ಮ ಕಾಲದಲ್ಲಿ ಯಾರದೋ ಕೈಯಲ್ಲಿದೆ, ಬಹುಶಃ ನಿಮ್ಮದೇ. ಮೇಲುಗಡೆ ಬಿಸಿ ಲೋಟ ಇಟ್ಟ ಮೂರು ಗುಂಡು ಗುರುತು, ಬಲಗಡೆಯ ಗುಂಡಿಯ ಬದಲು ದಾರ ಸುತ್ತುವ ಮರದ ಉರುಳೆ. ದಯವಿಟ್ಟು ಗಾಜನ್ನು ಒರೆಸಬೇಡಿ. ಮದ್ರಾಸಿಗೂ ಸಿಲೋನಿಗೂ ನಡುವೆ ಏನಿದೆಯೆಂದು ಓದಿ. ಪೆಟ್ಟಿಗೆಯ ತಳಕ್ಕೆ ಮೊದಲಿನಿಂದಲೂ ಒಂದು ರಟ್ಟು ಅಂಟಿಕೊಂಡಿದೆ. ಅದನ್ನು ಬಿಡಿಸಿ, ಆ ಹೆಸರನ್ನು ಹಲಗೆಯ ಮೇಲೆ ಮೊಳೆಯಿಂದ ಆಳವಾಗಿ ಕೊರೆದು, ಮತ್ತೆ ರಟ್ಟು ಅಂಟಿಸಿಬಿಡಿ. ಮರುಟಪಾಲು ಬೇಡ, ಕಾಲವೇ ತಂದು ಮುಟ್ಟಿಸುತ್ತದೆ.

ವಾಲ್ವು ಮಂಕಾಗಿದೆಯೆಂದು ಹೊನ್ನಮ್ಮನವರ ಮನೆಯವರು ನಿನ್ನೆ ಸೆಟ್ಟನ್ನು ಮತ್ತೆ ನನ್ನಲ್ಲಿಗೆ ಕಳಿಸಿದ್ದಾರೆ. ಮೇಜಿನ ಮೇಲೆ ನನ್ನೆದುರೇ ಇದೆ. ತಳದ ರಟ್ಟನ್ನು ನಾನು ಈವರೆಗೆ ಕಿತ್ತಿಲ್ಲ. ಈ ಪತ್ರ ಹಾಕಿ ಬಂದು ಕೀಳುತ್ತೇನೆ.

ತಲೆ ತಗ್ಗಿಸಿ,
ಅಡಿವೆಪ್ಪ ಬಡಿಗೇರ