ಹನ್ನೊಂದರಿಂದ ಒಂದರವರೆಗಿನ ಮೈದಾನ

ಬೆಟಗೇರಿ,
ಫೆಬ್ರವರಿ 30, 2187

ಮಾನ್ಯ ಸಂಶೋಧಕರೇ,

ದಿನಾಂಕ ನೋಡಿ ಗಾಬರಿಯಾಗಬೇಡಿ. ಮಾರ್ಚ್ ಎಂದರೆ ಬಿಸಿಲು ಎಂಬ ಭಯಕ್ಕೆ ನಮ್ಮವರು ಫೆಬ್ರವರಿಯನ್ನು ಎರಡು ದಿನ ಹಿಗ್ಗಿಸಿಕೊಂಡಿದ್ದಾರೆ. ಬಿಸಿಲಿಗೆ ಅದು ಗೊತ್ತಾಗಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕಗಳಿಂದ ಕಲಿತವಳು, ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಹೆಸರೂ ನನಗೆ ಗೊತ್ತಿಲ್ಲ. ಆಟ, ಅದರ ನಿರ್ವಹಣೆ ಮತ್ತು ಸಮಾಜದ ಬಗ್ಗೆ ನೀವು ಬರೆಯುತ್ತಿರುವ ಪ್ರಬಂಧ ನಮಗೆ ಮುಖಪುಟವಿಲ್ಲದೆ ಸಿಕ್ಕಿದೆ.

ಆದರೆ ನಾವು ಬದುಕುತ್ತಿರುವುದು ಅದರಂತೆಯೇ. ಪ್ರತಿ ಮೈದಾನಕ್ಕೂ ಒಂದು ಹಿತಾಂಕವಿದೆ, ಅಂದರೆ ಅದರಿಂದ ಊರಿಗೆ ಎಷ್ಟು ಒಳ್ಳೆಯದಾಗುತ್ತದೆ ಎಂಬ ಅಂಕಿ. ಅದು ಇಪ್ಪತ್ತಕ್ಕಿಂತ ಕೆಳಗಿಳಿದರೆ ಮೈದಾನವನ್ನು ಮುಚ್ಚಿ ನೀರಿನ ಟ್ಯಾಂಕು ಕಟ್ಟುತ್ತಾರೆ. ಎಣಿಕೆಯ ವೇಳೆ ನಿಮ್ಮ ನಲವತ್ತೊಂದನೇ ಪುಟದಲ್ಲಿದೆ: ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ. ಮೈದಾನಕ್ಕೆ ಹೋಗಿಬರಲು ನಿಮಗೆ ಬಹುಶಃ ಆ ಹೊತ್ತಿಗೆ ಬಸ್ಸಿತ್ತು. ನಮಗೆ ಅದು ನೆರಳುಗಂಟೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾರೂ ಹೊರಗೆ ಕಾಲಿಡುವಂತಿಲ್ಲ; ಅಂಗಡಿ, ಶಾಲೆ ಎಲ್ಲವೂ ಅದರ ಆಚೀಚೆ. ಎಣಿಸುವವರಿಗೆ ಮಾತ್ರ ತಂಪು ಅಂಗಿ ಕೊಟ್ಟು ಕಳಿಸುತ್ತಾರೆ.

ನಾನು ಸಾಹಿತ್ಯ ಓದಿದವಳು. ಈ ಹಿತಾಂಕ ಲೆಕ್ಕಹಾಕುವ ವಿಭಾಗದಲ್ಲಿ ನನ್ನ ಕೆಲಸ ಅಂಕಿಗಳನ್ನು ಸರಳ ವಾಕ್ಯಗಳಾಗಿಸುವುದು. ಕಳೆದ ವಾರ ಬೆಟಗೇರಿ ಮೈದಾನದ ಬಗ್ಗೆ ಬರೆದೆ: 'ಈ ಮೈದಾನ ಬಳಕೆಯಲ್ಲಿಲ್ಲ.' ಚೆನ್ನಾಗಿ ಬಂದಿದೆ ಎಂದು ಖುಷಿಯೂ ಪಟ್ಟೆ. ಆಮೇಲೆ ಏನೋ ಕಸಿವಿಸಿ. ಮರುದಿನ ಬೆಳಗಿನ ಐದಕ್ಕೆ ಹೋಗಿ ನೋಡಿದರೆ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಹುಡುಗಿಯರ ಕಬಡ್ಡಿ, ಕಟ್ಟೆಯ ಮೇಲೆ ಮಂಡಿ ನೋವಿನ ಮುದುಕರು, ಸುತ್ತು ಹಾಕುವ ಬಾಣಂತಿಯರು. ಕಬಡ್ಡಿ ಕಲಿಸುವ ಬೀಬಿಜಾನಕ್ಕ ನಮ್ಮ ಎಣಿಕೆಯ ವೇಳೆ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ಹನ್ನೊಂದಕ್ಕ ಬಂದು ಎಣಿಸಿದ್ರ ಇಲ್ಲಿ ಓತಿಕ್ಯಾತ ಬಿಟ್ರ ಯಾರ್ ಸಿಗ್ತಾರವಾ? ಅವನ್ನ ಒಂದು ಟೀಮ್ ಅಂತ ಬರಕೊಂಡ್ರೇನು?"

ನಮ್ಮ ಮುಖ್ಯಸ್ಥರಿಗೆ ಹೇಳಿದೆ. ಹೇಳಲು ಎರಡು ದಿನ ಬೇಕಾಯಿತು, ನನಗೆ ಧೈರ್ಯ ಕಡಿಮೆ. ಅವರು ಕೆಟ್ಟವರಲ್ಲ. "ವ್ಯಾಳ್ಯಾ ಬದಲ್ ಮಾಡಿದ್ರ ನೂರೈವತ್ತು ವರ್ಷದ ಅಂಕಿ ಜೋಡಿ ಹೋಲಿಕೀನ ಬರಂಗಿಲ್ಲಲ್ಲ, ಇಂದುಮತಿ," ಎಂದು ನಿಜವಾಗಿಯೂ ಸಂಕಟಪಟ್ಟರು.

ಈ ಮೈದಾನ ಮುಚ್ಚಬೇಕೋ ಬೇಡವೋ ಎಂದು ನಾಳೆ ಬೆಳಿಗ್ಗೆ ಸಭೆ. ನನ್ನ ವಾಕ್ಯವನ್ನು ಗಟ್ಟಿಯಾಗಿ ಓದುತ್ತಾರೆ. ಎದ್ದು ನಿಂತು ಅದು ಸುಳ್ಳು ಎನ್ನಬೇಕೆಂದಿದ್ದೇನೆ; ದನಿ ಹೊರಡುತ್ತದೋ ಇಲ್ಲವೋ. ಮೂರು ಸಲ ಕನ್ನಡಿಯ ಮುಂದೆ ಹೇಳಿದೆ, ಮೂರು ಸಲವೂ ಅರ್ಧಕ್ಕೆ ನಿಂತಿತು.

ನಿಮಗಿನ್ನೂ ಸಮಯವಿದೆ. ನಲವತ್ತೊಂದನೇ ಪುಟ ಬರೆಯುವ ಮೊದಲು ಒಂದು ದಿನ ಬೆಳಗಿನ ಐದಕ್ಕೆ ಯಾವುದಾದರೂ ಮೈದಾನಕ್ಕೆ ಹೋಗಿ. ಯಾರೆಂದು ಕೇಳಿದರೆ, ಎಣಿಸಲು ಬಂದಿದ್ದೇನೆ ಎನ್ನಿ. ನಾನು ಹಾಗೆಂದಾಗ ಇಲ್ಲಿ ಆಟ ನಿಂತಿತು. ಎಲ್ಲರೂ, ಕಟ್ಟೆಯ ಮುದುಕರೂ ಒಬ್ಬರನ್ನೊಬ್ಬರು ಹಿಡಿದು ಎದ್ದು ಬಂದು, ನನ್ನೆದುರು ಸಾಲಾಗಿ ನಿಂತರು. ನನ್ನ ಕೈಯಲ್ಲಿ ಬರೆದುಕೊಳ್ಳಲು ನಮೂನೆಯೇ ಇರಲಿಲ್ಲ.

ಇಂದುಮತಿ ಕವಲೂರ