ಸಾಕ್ಷಿ ಹೇಳಲು ಎತ್ತಿಟ್ಟ ಸೀರೆ

ಲೀಲಾ,

ನೀನು ಲಿಂಗಪೂಜೆಗೆ ಕೂತಿರುವಾಗಲೇ ಕೋರ್ಟಿಗೆ ಹೊರಟಿದ್ದೇನೆ. ನೀನು ಬರಬೇಡ. ಸಾಕ್ಷಿ ಹೇಳಲು ಉಟ್ಟುಕೊಂಡು ಹೋಗಬೇಕೆಂದು ಇಸ್ತ್ರಿ ಮಾಡಿಟ್ಟ ಸೀರೆಯನ್ನು ಬೀರುವಿಗೆ ಎತ್ತಿಡು.

ಹಾಲು ಕಾಯಿಸಿದ್ದೇನೆ, ಆರಿದ ಮೇಲೆ ಮುಚ್ಚು, ಬೆಕ್ಕು ಅಲ್ಲೇ ಸುತ್ತುತ್ತಿದೆ. ಸ್ಕೂಟರ್ ಇಲ್ಲೇ ಇದೆ, ನಾನು ಸಿಟಿ ಬಸ್ಸಿನಲ್ಲಿ ಹೋಗುತ್ತೇನೆ. ವಕೀಲರು ಪಕ್ಕದ ಮನೆಗೆ ಫೋನ್ ಮಾಡಿದರೆ, ಕೇಸು ನಡೆಸುವುದಿಲ್ಲವಂತೆ, ತಪ್ಪು ಒಪ್ಪಿಕೊಳ್ಳುತ್ತಾರಂತೆ ಅನ್ನು.

ಅವತ್ತು ಅಗ್ರಹಾರದ ಸರ್ಕಲ್ಲಿನಲ್ಲಿ ದೀಪ ಕೆಂಪೇ ಇತ್ತು ಕಣೇ. ಮದುವೆಯ ಧಾರೆಗೆ ಹೊತ್ತಾಯಿತೆಂದು ನೋಡಿಯೂ ನುಗ್ಗಿಸಿದೆ. ನೀನು ಹಿಂದೆ ಕೂತು, ಎಂದಿನಂತೆ ಗಣಪತಿ ಗುಡಿಯ ಕಡೆ ತಿರುಗಿ, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದೆ. ಪೊಲೀಸಿನವನು ಹಿಡಿದಾಗ ಹಸಿರಿತ್ತು ಎಂದು ನಾನು ಕೂಗಾಡಿದೆ. ನೀನು ಇಳಿದು ಬಂದು, "ಗುಡಿ ಮುಂದೆ ನಿಂತ್ಕೊಂಡು ನಮ್ಮನೆಯವ್ರು ಸುಳ್ಳು ಹೇಳ್ತಾರೇನಪ್ಪಾ? ಕೋರ್ಟಲ್ಲಿ ನಾನೇ ಹೇಳ್ತೀನಿ ಬುಡು" ಅಂದೆ. ಪಾಪ, ಅವನು ತಲೆ ತಗ್ಗಿಸಿದ. ತಗ್ಗಿಸಬೇಕಾಗಿದ್ದವನು ನಾನು.

ಕಾಣದ ದೀಪವನ್ನು ಕಂಡೆ ಎಂದು ಪ್ರಮಾಣ ಮಾಡಲು ಹೊರಟಿದ್ದೀಯ, ನಾನು ಹೇಳಿದೆನೆಂಬ ಒಂದೇ ಕಾರಣಕ್ಕೆ. ರಾತ್ರಿ ಆ ಸೀರೆ ಮಡಿಸುತ್ತಿದ್ದಾಗಲಾದರೂ ನಾನು ಬಾಯಿ ಬಿಡಬೇಕಿತ್ತು.

ಮಧ್ಯಾಹ್ನ ಊಟಕ್ಕೆ ಬರುತ್ತೇನೆ. ಬಯ್ಯುವುದನ್ನೆಲ್ಲ ಆಗ ಬಯ್ಯು.

ನೀನು ಪೂಜೆ ಮುಗಿಸಿ ಏಳುವ ತನಕ ಕಾಯಬಹುದಿತ್ತು. ಆದರೆ ನಿನ್ನ ಮುಖ ನೋಡಿದ್ದರೆ ಆ ದೀಪ ಮತ್ತೆ ಹಸಿರಾಗಿಬಿಡುತ್ತಿತ್ತು.